ಹಾಕಿದೆನೋ, ಇಲ್ಲವೋ

ಗೊಣಗಣ್ಣನ ಕಷ್ಟವೆಲ್ಲ ಶುರುವಾದದ್ದು ಒಂದು ಮೈಕ್ರೋಲೀಟರಿನಿಂದ. ಒಂದು ಮೈಕ್ರೋಲೀಟರ್ ಎಂದರೆ ಎಷ್ಟು ಎಂದು ಹೆಂಡತಿ ಒಮ್ಮೆ ಕೇಳಿದಾಗ, ಸೊಳ್ಳೆ ಅತ್ತರೆ ಬರುವ ಕಣ್ಣೀರಿನಷ್ಟು ಎಂದು ಅವನೇ ವಿವರಿಸಿದ್ದ. ಆ ಸೊಳ್ಳೆ ಕಣ್ಣೀರನ್ನು ಟ್ಯೂಬಿಗೆ ಹಾಕಿದೆನೋ ಇಲ್ಲವೋ ಎಂಬುದು ಈ ದಿನ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಅವನಿಗೆ ನೆನಪಾಗದೆ ಹೋಯಿತು.

ಗೊಣಗಣ್ಣ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಪ್ರಯೋಗಾಲಯದವರು ಇಟ್ಟದ್ದು. ಕೈ ಮಾಡುವುದನ್ನೆಲ್ಲ ಬಾಯಿ ಹೇಳುತ್ತಲೇ ಇರಬೇಕು ಅವನಿಗೆ. "ಈಗ ನೀರು... ನೀರಾಯ್ತು... ಈಗ ಉಪ್ಪಿನ ದ್ರಾವಣ..." ಎಂದು ಬೆಳಗಿನಿಂದ ಸಂಜೆವರೆಗೆ ಗೊಣಗುತ್ತಾನೆ. ತಮಾಷೆಯೆಂದರೆ, ತಾನು ಗೊಣಗುತ್ತೇನೆ ಎಂಬುದನ್ನು ಅವನು ಇವತ್ತಿಗೂ ನಂಬುವುದಿಲ್ಲ.

ಅವನ ಕೆಲಸವನ್ನೂ ಸ್ವಲ್ಪ ಹೇಳಬೇಕು. ನಮ್ಮ ಪ್ರತಿಯೊಂದು ಜೀವಕೋಶದಲ್ಲೂ, ಬೇಡವಾದ ಪ್ರೋಟೀನಿನ ಬೆನ್ನಿಗೆ ಯುಬಿಕ್ವಿಟಿನ್ ಎಂಬ ಪುಟ್ಟ ಚೀಟಿ ಅಂಟಿಸುವ ಏರ್ಪಾಡು ಇದೆ. ಚೀಟಿಯ ಮೇಲೆ ಚೀಟಿ ಬಿದ್ದ ಪ್ರೋಟೀನು ನೇರ ಕಸಕ್ಕೆ. ಅಂಟಿಸಲು ಮೂರು ಕಿಣ್ವಗಳಿವೆ. ಮೊದಲನೆಯದು ಚೀಟಿ ಎತ್ತಿಕೊಡುತ್ತದೆ, ಎರಡನೆಯದು ಹೊತ್ತುಕೊಂಡು ಹೋಗುತ್ತದೆ, ಮೂರನೆಯದು ಯಾರ ಬೆನ್ನು ಎಂದು ಗುರುತು ಹಿಡಿದು ಅಂಟಿಸುತ್ತದೆ. ಕಚೇರಿಯಲ್ಲಿ ಕಡತ ಮೂರು ಮೇಜು ದಾಟಿದ ಹಾಗೆ. ಇಷ್ಟಕ್ಕೆಲ್ಲ ಇಂಧನ ಎಟಿಪಿ. ಜೀವಕೋಶ ಇದನ್ನು ಹಗಲೂ ರಾತ್ರಿ ಒಂದು ಸಲವೂ ಮರೆಯದೆ ಮಾಡುತ್ತದೆ. ಅದನ್ನೇ ಜೀವಕೋಶದ ಹೊರಗೆ, ಪ್ಲಾಸ್ಟಿಕ್ ಟ್ಯೂಬಿನೊಳಗೆ, ಎಲ್ಲವನ್ನೂ ಕೈಯಾರೆ ಬೆರೆಸಿ ಮಾಡಿ ತೋರಿಸುವುದು ಗೊಣಗಣ್ಣನ ಪಾಡು.

ಸರಿಯಾಗಿ ಆದರೆ ಕೊನೆಗೆ ತೆಗೆಯುವ ಚಿತ್ರದಲ್ಲಿ ಒಂದು ಚೀಟಿಯ ಪ್ರೋಟೀನು, ಎರಡು ಚೀಟಿಯದು, ಮೂರು ಚೀಟಿಯದು ಎಂದು ಕಪ್ಪು ಗೆರೆಗಳು ಒಂದರ ಮೇಲೊಂದು ನಿಂತು ಏಣಿಯ ಹಾಗೆ ಕಾಣುತ್ತವೆ. ಮೂರು ವರ್ಷದಿಂದ ಅವನು ಆ ಏಣಿಯ ದಾರಿ ಕಾಯುತ್ತಿದ್ದ.

ಹಿಂದಿನ ದಿನ ಪ್ರಯೋಗಾಲಯದ ಮುಖ್ಯಸ್ಥೆಯಾದ ಮೇಡಂ ಅವನನ್ನು ಕರೆದು ಹೇಳಿದ್ದರು: "ನಾಳೆ ನಾಲ್ಕು ಗಂಟೆಗೆ ಸಮಿತಿಯವರು ಬರ್ತಾರೆ. ನಿಮ್ಮ ಹುದ್ದೆ ಮುಂದುವರಿಸಬೇಕೋ ಬೇಡವೋ ಅಂತ ನಾಳೆನೇ ತೀರ್ಮಾನ. ನಾನು ಎಷ್ಟು ಸಲ ಅಂತ ನಿಮ್ಮ ಪರ ಮಾತಾಡ್ಲಿ? ನನ್ನ ಕೈಗೆ ಒಂದು ಏಣಿ ಕೊಡಿ."

ಹೀಗಾಗಿ ಅವನು ಬೆಳಿಗ್ಗೆ ಏಳಕ್ಕೇ ಬಂದು ನಾಲ್ಕು ಟ್ಯೂಬುಗಳನ್ನು ಮಂಜುಗಡ್ಡೆಯಲ್ಲಿ ನಿಲ್ಲಿಸಿಕೊಂಡು ಕೂತಿದ್ದ. ಒಂದನೆಯದರಲ್ಲಿ ಎಲ್ಲವೂ ಇರಬೇಕು. ಎರಡನೆಯದಕ್ಕೆ ಮೊದಲ ಕಿಣ್ವ ಹಾಕಬಾರದು, ಮೂರನೆಯದಕ್ಕೆ ಮೂರನೆಯ ಕಿಣ್ವ ಹಾಕಬಾರದು, ನಾಲ್ಕನೆಯದಕ್ಕೆ ಎಟಿಪಿ ಹಾಕಬಾರದು. ಒಂದರಲ್ಲಿ ಮಾತ್ರ ಏಣಿ ಬಂದು ಉಳಿದ ಮೂರೂ ಬೋಳಾಗಿದ್ದರೆ ಗೆದ್ದಂತೆ. ಅದರಲ್ಲೂ ಮೂರನೆಯ ಕಿಣ್ವವೇ ಅವನ ಪ್ರಾಣ. ಅದನ್ನು ತಯಾರಿಸಲು ಮೂರು ತಿಂಗಳು ಹಿಡಿದಿತ್ತು. ಉಗುರಿನಷ್ಟು ಪುಟ್ಟ ಟ್ಯೂಬಿನಲ್ಲಿ ಎರಡು ಸಲಕ್ಕೆ ಆಗುವಷ್ಟು ಮಾತ್ರ ಉಳಿದಿತ್ತು. ಬಳಸಿದ ತಕ್ಷಣ ಡೀಪ್ ಫ್ರೀಜರಿಗೆ ವಾಪಸ್ಸು ಹೋಗಬೇಕು, ಬೆಚ್ಚಗಾದರೆ ಅದರ ಕತೆ ಮುಗಿಯಿತು.

ಮೂರನೆಯ ಕಿಣ್ವ ಹಾಕಿದ್ದಾಯಿತು. ಇನ್ನು ಉಳಿದದ್ದು ಎಟಿಪಿ. ಅಷ್ಟರಲ್ಲಿ ಅಂಗಿಯ ಜೇಬಿನಲ್ಲಿ ಫೋನು ಗುರ್ರೆಂದಿತು. ಬಲಗೈಯಲ್ಲಿ, ತುದಿಗೆ ಬಿಸಾಡುವ ಪ್ಲಾಸ್ಟಿಕ್ ಟಿಪ್ ಸಿಕ್ಕಿಸಿ ಹನಿ ಅಳೆದು ಹಾಕುವ ಪಿಪೆಟ್ ಇತ್ತು. ಎಡಗೈಯಲ್ಲೇ ಹೇಗೋ ಫೋನ್ ತೆಗೆದು ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟ.

"ರೀ, ಬೀರು ಬೀಗದ ಕೈ ಎಲ್ಲಿಟ್ರಿ?" ಎಂದಳು ಹೆಂಡತಿ.

"ಒಂದ್ ನಿಮಿಷ, ಒಂದ್ ನಿಮಿಷ ಕಣೇ."

"ನನಗೆ ಶಾಲೆಗೆ ಹೊತ್ತಾಗ್ತಿದೆ ರೀ."

"ಇರು ಅಂದ್ನಲ್ಲ!"

ಅವಳು ಸುಮ್ಮನಾದಳು. ಸ್ವಲ್ಪ ಹೊತ್ತಿನ ಮೇಲೆ "ರೀ, ಇದ್ದೀರಾ?" ಎಂಬ ದನಿ ಕೇಳಿ ಅವನು ಬೆಚ್ಚಿಬಿದ್ದು, "ಕನ್ನಡಿ ಹಿಂದೆ ನೋಡು" ಎಂದು ಫೋನ್ ಕಟ್ ಮಾಡಿದ. ಕಟ್ ಮಾಡಿ ಅದನ್ನು ಡ್ರಾಯರಿನೊಳಗೆ ಎಸೆದ. ಎಸೆದು ಕೈ ನೋಡಿಕೊಂಡರೆ ಪಿಪೆಟ್ ಖಾಲಿ. ಎಟಿಪಿಯ ಮುಚ್ಚಳ ತೆರೆದಿದೆ. ಟ್ಯೂಬುಗಳು ನಾಲ್ಕೂ ನೀರಿನ ಹಾಗೆ ತಿಳಿಯಾಗಿ ಅವನನ್ನೇ ನೋಡುತ್ತಿವೆ.

ಹಾಕಿದೆನೋ? ಇಲ್ಲವೋ?

ಎಡಗಡೆ ಎದೆಯ ಮೇಲೆ ಯಾರೋ ತಣ್ಣೀರು ಚಿಮುಕಿಸಿದ ಹಾಗಾಯಿತು. ದೇವರೇ, ಇವತ್ತೇ ಹೀಗಾಗಬೇಕೇ ಎಂದು ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. ನೆನಪಿಗೆ ಬಂದದ್ದು ಬೀರು ಮಾತ್ರ.

ಪಕ್ಕದ ಬೆಂಚಿನವನು ಆಗಲೇ ಕತ್ತು ಚಾಚಿದ. ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುವುದರಿಂದ ಅವನನ್ನು ಎಲ್ಲರೂ ಸಲಹೆಗಾರ ಎಂದೇ ಕರೆಯುತ್ತಿದ್ದರು. "ಏನೋ, ಮುಖ ಯಾಕೆ ಹೀಗೆ?"

"ಎಟಿಪಿ ಹಾಕಿದ್ನೋ ಇಲ್ವೋ ಗೊತ್ತಾಗ್ತಿಲ್ಲ ಕಣೋ."

"ಅಷ್ಟೇನಾ? ಟಿಪ್ ಎಣಿಸು. ಒಂದೊಂದು ಸಲ ಹಾಕೋಕೂ ಒಂದೊಂದು ಹೊಸ ಟಿಪ್ ತಾನೇ? ಎಸೆದಿರೋದನ್ನ ಎಣಿಸಿದ್ರೆ ಲೆಕ್ಕ ಸಿಕ್ತು."

ಗೊಣಗಣ್ಣನಿಗೆ ಅವನನ್ನು ಅಪ್ಪಿಕೊಳ್ಳಬೇಕು ಎನಿಸಿತು. ಲೆಕ್ಕ ಹಾಕಿದ. ಎಟಿಪಿಗೆ ಮುಂಚೆ ಇಪ್ಪತ್ತಾರು ಟಿಪ್ ಆಗಿರಬೇಕು, ಎಟಿಪಿ ಹಾಕಿದ್ದರೆ ಇಪ್ಪತ್ತೊಂಬತ್ತು. ಎಸೆದ ಟಿಪ್ಪುಗಳ ಡಬ್ಬವನ್ನು ಕಾಗದದ ಮೇಲೆ ಸುರಿದು ಚಿಮಟದಲ್ಲಿ ಒಂದೊಂದೇ ಸರಿಸುತ್ತ ಎಣಿಸಿದ. ನಲವತ್ತೊಂದು! ತಪ್ಪಿರಬೇಕು ಎಂದು ಮತ್ತೆ ಎಣಿಸಿದ. ಆಗಲೂ ನಲವತ್ತೊಂದೇ.

"ಓ, ಅದರಲ್ಲಿ ನಂದೂ ಒಂದಷ್ಟಿದೆ," ಎಂದ ಸಲಹೆಗಾರ. "ನನ್ನ ಡಬ್ಬ ತುಂಬಿತ್ತು. ನಿಂದು ಕೈಗೆ ಸಿಗ್ತಿತ್ತಲ್ಲ, ಅದಕ್ಕೇ ಹಾಕ್ದೆ."

"ಎಷ್ಟು ಹಾಕ್ದೆ?"

"ಹನ್ನೆರಡಿರಬೇಕು. ಇಲ್ಲಾಂದ್ರೆ ಹದಿನೈದು."

ಗೊಣಗಣ್ಣ ಕಳೆದು ನೋಡಿದ. ಹನ್ನೆರಡಾದರೆ ಹಾಕಿದ್ದಾನೆ. ಹದಿನೈದಾದರೆ ಹಾಕಿಲ್ಲ. "ಸರಿಯಾಗಿ ಹೇಳೋ, ಹನ್ನೆರಡೋ ಹದಿನೈದೋ?" ಎಂದು ಅಂಗಲಾಚಿದ.

"ಟಿಪ್ ಎಸೆಯೋದನ್ನ ಯಾರಾದ್ರೂ ಎಣಿಸ್ತಾರೇನೋ? ಹುಚ್ಚ!" ಎಂದು ಸಲಹೆಗಾರ ತನ್ನ ಕೆಲಸಕ್ಕೆ ತಿರುಗಿದ.

ಗಲಾಟೆ ಕೇಳಿ ದೊಡ್ಡಕ್ಕ ಬಂದಳು. ಪ್ರಯೋಗಾಲಯದ ಹಿರಿಯ ಸಂಶೋಧಕಿ ಅವಳು. ಮೇಡಂ ಇಲ್ಲದಾಗ ಎಲ್ಲರಿಗೂ ದೊಡ್ಡಕ್ಕ, ಇದ್ದಾಗಲೂ ದೊಡ್ಡಕ್ಕ. ವಿಷಯ ಕೇಳಿ, "ಇನ್ನೊಂದ್ಸಲ ಹಾಕಿದ್ರೆ ಏನಾಗತ್ತೋ?" ಎಂದಳು.

"ಎಟಿಪಿ ಹೆಚ್ಚಾದ್ರೆ ಮೆಗ್ನೀಷಿಯಂ ಎಲ್ಲ ಹಿಡ್ಕೊಂಡ್ಬಿಡತ್ತೆ ಅಕ್ಕಾ. ಕಿಣ್ವಕ್ಕೇ ಸಿಗಲ್ಲ. ಅದೂ ಅಲ್ದೆ, ನಾನು ಗಡಿಬಿಡಿಲಿ ಹಾಕಬಾರದ ನಾಲ್ಕನೇದಕ್ಕೆ ಹಾಕಿಬಿಟ್ಟಿದ್ರೆ?" ಎನ್ನುತ್ತ ಅವನು ಎದೆ ಒತ್ತಿಕೊಂಡ.

"ಅದ್ಯಾಕೆ ಎದೆ ಹಿಡ್ಕೊಂಡಿದ್ದೀಯ?"

"ಏನೋ ಚುಚ್ತಾ ಇದೆ ಅಕ್ಕಾ. ಗಾಬರಿಗೆ."

ದೊಡ್ಡಕ್ಕ ಅವನ ಮುಖವನ್ನೇ ಒಂದು ಗಳಿಗೆ ನೋಡಿ, ಮೊದಲು ಟ್ಯೂಬಿನ ಸಮಸ್ಯೆ ಮುಗಿಸೋಣ ಎಂದು ತೀರ್ಮಾನಿಸಿದಳು. "ತೂಕ ಹಾಕಿಸು. ಒಂದು ಮೈಕ್ರೋಲೀಟರ್ ಅಂದ್ರೆ ಒಂದು ಮಿಲಿಗ್ರಾಂ. ತಕ್ಕಡಿ ಅಂಕಲ್ ಹತ್ರ ಇರೋ ತಕ್ಕಡಿ ಅದರ ಹತ್ತರಲ್ಲಿ ಒಂದು ಭಾಗಾನೂ ತೋರಿಸತ್ತೆ."

ತಕ್ಕಡಿ ಅಂಕಲ್ ಕೆಳಗಿನ ಮಹಡಿಯ ಒಂದು ಗಾಜಿನ ಕೋಣೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯನ್ನು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದ ಮನುಷ್ಯ. ಆ ತಕ್ಕಡಿಯ ಹತ್ತಿರ ಯಾರೂ ಜೋರಾಗಿ ಉಸಿರಾಡುವಂತಿರಲಿಲ್ಲ. ಗೊಣಗಣ್ಣ ಮಂಜುಗಡ್ಡೆಯ ಡಬ್ಬ ಹೊತ್ತುಕೊಂಡು ಎರಡೆರಡು ಮೆಟ್ಟಿಲು ಹಾರಿ ಅಲ್ಲಿಗೆ ಬಂದಾಗ ಅಂಕಲ್ ಮೊದಲು ಮಾಡಿದ್ದು ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು.

"ನಿನ್ನ ಉಸಿರಿಗೇ ಮುಳ್ಳು ಅಲ್ಲಾಡ್ತಿದೆ. ಆಚೆ ಇರಪ್ಪಾ. ನಾನು ನೋಡ್ಕೋತೀನಿ."

ಗಾಜಿನ ಆಚೆಯಿಂದ ಗೊಣಗಣ್ಣ ನೋಡಿದ. ಅಂಕಲ್ ನಿಧಾನವಾಗಿ ಬೆನ್ನು ತಿರುಗಿಸಿ ಕೂತರು. ಏನೋ ಉಜ್ಜಿದರು. ತೂಗಿದರು. ಬರೆದುಕೊಂಡರು. ಹದಿನೈದು ನಿಮಿಷ ಹೀಗೇ ಕಳೆಯಿತು. ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು. ಕೊನೆಗೆ ಅಂಕಲ್ ಡಬ್ಬ ಹಿಡಿದು ಹೊರಬಂದರು.

"ಪ್ರಯೋಜನ ಇಲ್ಲಪ್ಪಾ. ಖಾಲಿ ಟ್ಯೂಬುಗಳ ತೂಕವೇ ಒಂದಕ್ಕೂ ಇನ್ನೊಂದಕ್ಕೂ ಹತ್ತು ಹದಿನೈದು ಮಿಲಿಗ್ರಾಂ ವ್ಯತ್ಯಾಸ ಇರತ್ತೆ. ಅದರಲ್ಲಿ ನಿನ್ನ ಒಂದು ಮಿಲಿಗ್ರಾಂ ಎಲ್ಲಿ ಹುಡುಕೋದು? ಆದ್ರೆ ನನ್ನ ಕೆಲಸದಲ್ಲಿ ಲೋಪ ಇಲ್ಲ. ಮಂಜುಗಡ್ಡೆ ನೀರಿನ ತೂಕ ಸೇರಬಾರದು ಅಂತ ಒಂದೊಂದನ್ನೂ ಸ್ಪಿರಿಟ್ ಹಾಕಿ ಫಳಫಳ ಒರೆಸಿದ್ದೀನಿ ನೋಡು."

ಗೊಣಗಣ್ಣ ನೋಡಿದ. ನಿಜಕ್ಕೂ ಫಳಫಳ ಹೊಳೆಯುತ್ತಿದ್ದವು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಅವನು ಬರೆದಿದ್ದ ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿಗಳು ಕೂಡ ಇಲ್ಲದ ಹಾಗೆ ಹೊಳೆಯುತ್ತಿದ್ದವು.

"ಅಂಕಲ್... ನಂಬರು..."

"ಅದೇನೋ ಕಪ್ಪು ಕೊಳೆ ಇತ್ತು. ತೆಗೆದೆ," ಎಂದರು ಅಂಕಲ್ ಹೆಮ್ಮೆಯಿಂದ.

ಎಟಿಪಿ ಹಾಕಿದ್ದು ಗೊತ್ತಿಲ್ಲ ಎಂದು ಹೋದವನು ಯಾವ ಟ್ಯೂಬು ಯಾವುದು ಎಂಬುದೂ ಗೊತ್ತಿಲ್ಲದೆ ವಾಪಸ್ಸು ಬಂದ. ದೊಡ್ಡಕ್ಕ ತಲೆಗೆ ಕೈ ಹಚ್ಚಿ ಕೂತಳು. ಸಲಹೆಗಾರನಿಗೆ ಮಾತ್ರ ಇಂಥ ಹೊತ್ತಿನಲ್ಲೇ ಹುರುಪು ಬರುತ್ತಿತ್ತು.

"ಯೋಚನೆ ಯಾಕೆ? ನಾಲ್ಕಕ್ಕೂ ಅರ್ಧರ್ಧ ಎಟಿಪಿ ಹಾಕಿ ಶುರು ಮಾಡು. ಯಾವುದ್ರಲ್ಲಿ ಏಣಿ ಬರತ್ತೋ ಅದೇ ಒಂದನೇ ನಂಬರು."

"ಥೂ!" ಎಂದಳು ದೊಡ್ಡಕ್ಕ. "ಮದುವೆ ಮುಗಿದ ಮೇಲೆ ಮಾಲೆ ಯಾರ ಕೊರಳಲ್ಲಿದೆ ನೋಡಿ, ಅವನೇ ಗಂಡು ಅಂದ ಹಾಗಾಯ್ತು. ಇದು ವಿಜ್ಞಾನವೇನೋ?"

"ವಿಜ್ಞಾನ ಆಮೇಲೆ ಅಕ್ಕಾ. ನಾಲ್ಕು ಗಂಟೆಗೆ ಸಮಿತಿ."

ಗೊಣಗಣ್ಣ ಇಬ್ಬರ ಮುಖವನ್ನೂ ನೋಡಿದ. ಹೊಸದಾಗಿ ಶುರು ಮಾಡೋಣವೆಂದರೆ ಮೂರನೆಯ ಕಿಣ್ವ ಇನ್ನೊಂದೇ ಸಲಕ್ಕೆ ಇದೆ, ಇಂಥ ಗಾಬರಿಯಲ್ಲಿ ಅದನ್ನೂ ಹಾಳು ಮಾಡಲು ಅವನಿಗೆ ಧೈರ್ಯವಾಗಲಿಲ್ಲ. ಗಂಟೆ ಹತ್ತೂವರೆ. ಬೇರೆ ದಾರಿ ಕಾಣದೆ ನಾಲ್ಕಕ್ಕೂ ಅರ್ಧರ್ಧ ಎಟಿಪಿ ಹಾಕಿ ಬಿಸಿಗಿಟ್ಟ. ಈ ಸಲ ಮೂವರೂ ಕಣ್ಣಿಟ್ಟು ನೋಡಿದ್ದರಿಂದ ಹಾಕಿದ್ದು ಖಚಿತವಾಗಿತ್ತು.

ಅಲ್ಲಿಂದ ಮುಂದೆ ಅವನು ಅನುಭವಿಸಿದ್ದು ಶತ್ರುವಿಗೂ ಬೇಡ. ಒಂದು ಗಂಟೆ ಬಿಸಿಯಲ್ಲಿ. ಆಮೇಲೆ ನೀಲಿ ಬಣ್ಣ ಸೇರಿಸಿ ಕುದಿಸಿ, ಜೆಲ್ಲಿನ ಪುಟ್ಟ ಗುಳಿಗಳಿಗೆ ಇಳಿಸಿ, ಕರೆಂಟು ಬಿಟ್ಟು, ನೀಲಿ ಗೆರೆ ಕೆಳಗಿಳಿಯುವುದನ್ನೇ ನೋಡುತ್ತ ಕೂರುವುದು. ಅದು ಇಳಿಯುವ ವೇಗ ನೋಡಿದರೆ ಅದಕ್ಕೂ ಸಮಿತಿಯ ಭಯ ಇದ್ದಂತಿತ್ತು. ಈ ಕೆಲಸ ಹೋದರೆ ಊರು ಬಿಡಬೇಕು. ಹೆಂಡತಿ ತನ್ನ ಶಾಲೆ ಬಿಡಬೇಕು. ಮೂರು ವರ್ಷದಲ್ಲಿ ಏನು ಮಾಡಿದೆ ಎಂದು ಮಾವ ಕೇಳಿದರೆ ಏನು ಹೇಳುವುದು? ತನ್ನ ಬೆನ್ನಿಗೇ ಯಾರೋ ಒಂದೊಂದಾಗಿ ಚೀಟಿ ಅಂಟಿಸುತ್ತಿದ್ದಾರೆ ಎನಿಸಿ, ಒಮ್ಮೆ ಕೈ ಹಿಂದೆ ಮಾಡಿ ಬೆನ್ನು ಸವರಿಕೊಂಡ.

ಕುರ್ಚಿಯಿಂದ ಬಗ್ಗಿದಾಗಲೆಲ್ಲ ಎದೆ ಚುಚ್ಚುತ್ತಿತ್ತು. ಎರಡು ಗಂಟೆಗೆ ಅವನು ಮತ್ತೆ ಎದೆ ಒತ್ತಿಕೊಂಡದ್ದನ್ನು ಕಂಡು ದೊಡ್ಡಕ್ಕನಿಗೆ ನಿಜಕ್ಕೂ ಹೆದರಿಕೆಯಾಯಿತು.

"ಎಡಗಡೆನೇನೋ?"

"ಹೂಂ ಅಕ್ಕಾ."

"ಎಡಗೈಗೂ ಹರಡ್ತಾ ಇದೆಯಾ?"

"ನೀವು ಕೇಳಿದ ಮೇಲೆ ಹರಡ್ತಾ ಇರೋ ಹಾಗಿದೆ."

"ಒಂದೇ ಜಾಗದಲ್ಲಿ ಸೂಜಿ ಚುಚ್ಚಿದ ಹಾಗಿದ್ರೆ ಗ್ಯಾಸು, ಕಲ್ಲಿಟ್ಟ ಹಾಗಿದ್ರೆ ಹೃದಯ," ಎಂದು ಸಲಹೆಗಾರ ಆ ಕಡೆಯಿಂದ ತೀರ್ಪು ಕೊಟ್ಟ.

ದೊಡ್ಡಕ್ಕ ಬಲವಂತವಾಗಿ ಅವನನ್ನು ಕೂರಿಸಿ ಎರಡು ಲೋಟ ನೀರು ಕುಡಿಸಿದಳು. ಡ್ರಾಯರಿನಲ್ಲಿ ಫೋನು ಮತ್ತೆ ಗುರ್ರೆಂದಿತು. ಹೆಂಡತಿ. ಇವತ್ತಿನ ಅನಾಹುತಕ್ಕೆಲ್ಲ ಆ ಫೋನೇ ಮೂಲ ಎಂದು ಅವನು ಡ್ರಾಯರನ್ನು ಮೊಣಕಾಲಿನಿಂದ ದೂಡಿ ಮುಚ್ಚಿದ.

ಮೂರೂ ಮುಕ್ಕಾಲಿಗೆ ಕತ್ತಲೆ ಪೆಟ್ಟಿಗೆಯ ಯಂತ್ರದಲ್ಲಿ ಚಿತ್ರ ಮೂಡಿತು. ಮೂವರೂ ಪರದೆಗೆ ಮೂಗು ತಾಗಿಸಿ ನಿಂತರು. ಮೊದಲ ಸಾಲು ಬೋಳು. ಎರಡನೆಯ ಸಾಲಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು ಗೆರೆಗಳು ಎದ್ದುಬಂದವು. ಏಣಿ! ಮೂರು ವರ್ಷದಿಂದ ಕಾದ ಏಣಿ! ಗೊಣಗಣ್ಣನ ಕಣ್ಣಲ್ಲಿ ನೀರು ಬಂತು, ಅದೂ ಸೊಳ್ಳೆಯದಕ್ಕಿಂತ ಎಷ್ಟೋ ಹೆಚ್ಚು. ಮೂರನೆಯ ಸಾಲು ಬೋಳು. ನಾಲ್ಕನೆಯ ಸಾಲಿನಲ್ಲಿ ಇನ್ನೊಂದು ಏಣಿ, ಮೊದಲನೆಯದರ ಅವಳಿಯ ಹಾಗೆ.

ಎಟಿಪಿ ಇರಬಾರದ ಟ್ಯೂಬಿಗೂ ಎಟಿಪಿ ಹಾಕಿದ ಮೇಲೆ ಅದಕ್ಕೂ ಏಣಿ ಬರದೆ ಇನ್ನೇನು ಬರುತ್ತದೆ? ಎರಡರಲ್ಲಿ ಒಂದನೆಯದು ಯಾವುದು, ನಾಲ್ಕನೆಯದು ಯಾವುದು ಎಂದು ಹೇಳುವ ಗಂಡಸು ಭೂಮಿಯ ಮೇಲಿರಲಿಲ್ಲ.

"ಒಂದನ್ನ ಕತ್ತರಿಸಿಬಿಡು," ಎಂದು ಸಲಹೆಗಾರ ಪಿಸುಗುಟ್ಟಿದ. "ಮೂರು ಸಾಲು ಮಾತ್ರ ತೋರ್ಸು. ಯಾರಿಗೆ ಗೊತ್ತಾಗತ್ತೆ?"

ಗೊಣಗಣ್ಣನ ಬೆರಳು ಪರದೆಯಲ್ಲಿದ್ದ ಕತ್ತರಿಯ ಗುರುತಿನ ಮೇಲೆ ಹೋಗಿ ನಿಂತಿತು. ಒಂದು ಒತ್ತು ಒತ್ತಿದರೆ ಕೆಲಸ ಉಳಿಯುತ್ತಿತ್ತು. ಅವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸುಳ್ಳು ಹೇಳಿ ಆಮೇಲೆ ಜೀವನವಿಡೀ ಸಿಕ್ಕಿಬಿದ್ದೆನೋ ಇಲ್ಲವೋ ಎಂದು ಹೆದರುವ ಶಕ್ತಿ ಅವನಿಗಿರಲಿಲ್ಲ. ಈ ಒಂದು ದಿನವೇ ಸಾಕಾಗಿತ್ತು. ಇಡೀ ಚಿತ್ರವನ್ನು ಮುದ್ರಿಸಿಕೊಂಡು ಸಮಿತಿಯ ಕೋಣೆಗೆ ಹೋದ.

ಉದ್ದ ಮೇಜಿನ ಆಚೆ ಮೂವರು ಕೂತಿದ್ದರು, ಪಕ್ಕದಲ್ಲಿ ಮೇಡಂ. ಅವನು ನಿಂತುಕೊಂಡೇ, ಬೀರು ಕೈಯಿಂದ ಹಿಡಿದು ಸ್ಪಿರಿಟ್ಟಿನವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ. ಹೇಳಿ ಮುಗಿದಾಗ ಮೇಡಂ ಕಣ್ಣು ಮುಚ್ಚಿಕೊಂಡಿದ್ದರು.

ನಡುವೆ ಕೂತಿದ್ದ ಬಿಳಿಗಡ್ಡದ ಹಿರಿಯರು ಮಾತ್ರ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಟಿಪ್ ಎಣಿಸಿದ್ರಾ? ನಾನೂ ಎಣಿಸಿದ್ದೀನಪ್ಪಾ, ನಿಮ್ಮ ವಯಸ್ಸಲ್ಲಿ!" ಕಣ್ಣೊರೆಸಿಕೊಂಡು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. "ಏಣಿ ಚೆನ್ನಾಗಿದೆ. ಎರಡೂ ಚೆನ್ನಾಗಿದೆ. ಅಂದ್ರೆ ಇವರ ಕಿಣ್ವ ಕೆಲಸ ಮಾಡತ್ತೆ. ಇದನ್ನ ಕತ್ತರಿಸಿ ತರದೇ ಇದ್ದದ್ದು ಇನ್ನೂ ಚೆನ್ನಾಗಿದೆ. ಒಂದು ಕೆಲಸ ಮಾಡಿ. ನಾನು ನಾಳೆ ಹತ್ತು ಗಂಟೆಗೆ ಇಲ್ಲೇ ಇರ್ತೀನಿ. ನನ್ನ ಎದುರಿಗೆ ಇನ್ನೊಂದ್ಸಲ ಮಾಡಿ. ನಂಬರ್ ನಾನೇ ಬರೀತೀನಿ. ಸರಿಯಾಗಿ ಬಂದ್ರೆ ಹುದ್ದೆ ಮುಂದುವರಿಸೋಣ. ಬರದೇ ಇದ್ರೆ, ನೋಡಿ, ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಮೇಡಂ ಕಣ್ಣು ತೆರೆದರು. "ಮೂರನೇ ಕಿಣ್ವ ಉಳಿದಿದೆಯೇನ್ರೀ?"

"ಇದೆ ಮೇಡಂ! ಸರಿಯಾಗಿ ಒಂದು ಸಲಕ್ಕೆ ಆಗುವಷ್ಟು. ಭದ್ರವಾಗಿ ಡೀಪ್ ಫ್ರೀಜರಿನಲ್ಲಿದೆ."

ಗೊಣಗಣ್ಣ ಆ ಸಂಜೆ ಮನೆಗೆ ನಡೆದು ಬಂದದ್ದಲ್ಲ, ತೇಲಿ ಬಂದದ್ದು. ಬಾಗಿಲು ತೆರೆದ ಹೆಂಡತಿಯ ಎರಡೂ ಕೈ ಹಿಡಿದುಕೊಂಡು ಇಡೀ ದಿನದ ಕತೆ ಹೇಳಿದ. ಅವಳು ಮಡಚುತ್ತಿದ್ದ ಬಟ್ಟೆಗಳನ್ನು ಬದಿಗಿಟ್ಟು ಕೇಳಿದಳು. ಎಟಿಪಿಯ ಭಾಗ ಬಂದಾಗ ಹುಬ್ಬು ಗಂಟಿಕ್ಕಿದಳು.

"ಹಾಕಿದ್ರೋ ಇಲ್ವೋ ಅಂತ ಗೊತ್ತಾಗ್ಲಿಲ್ವಾ? ನನ್ನ ಕೇಳಬಾರದಾಗಿತ್ತಾ?"

"ನಿನ್ನನ್ನಾ?"

"ಇರು ಅಂದ್ರಲ್ಲ, ಇದ್ದೆ. ನೀವು ಆ ಕಡೆ ಗೊಣಗ್ತಾನೇ ಇದ್ರಿ. 'ಎಟಿಪಿ ಒಂದಕ್ಕೆ ಆಯ್ತು, ಎರಡಕ್ಕೆ ಆಯ್ತು, ಮೂರಕ್ಕೆ ಆಯ್ತು, ನಾಲ್ಕಕ್ಕೆ ಇಲ್ಲ, ಇಲ್ಲ, ಇಲ್ಲ' ಅಂತ. ಮೂರು ಸಲ ಇಲ್ಲ ಅಂದ್ರಿ. ಅದಾದ ಮೇಲೆ ತಾನೇ ನಾನು ಇದ್ದೀರಾ ಅಂತ ಕೇಳಿದ್ದು? ಮಧ್ಯಾಹ್ನ ಬೀರು ಕೈ ಸಿಕ್ತು ಅಂತ ಹೇಳೋಕೆ ಫೋನ್ ಮಾಡಿದ್ರೆ ಎತ್ತಲಿಲ್ಲ."

ಎಲ್ಲವೂ ಸರಿಯಾಗೇ ಇತ್ತು! ಒಂಬತ್ತೂ ಇಪ್ಪತ್ತಕ್ಕೆ ಸುಮ್ಮನೆ ಬಿಸಿಗಿಟ್ಟಿದ್ದರೆ ಅಷ್ಟೇ ಸಾಕಿತ್ತು. ಗೊಣಗಣ್ಣ ಮೊದಲು ತಲೆ ಚಚ್ಚಿಕೊಂಡ. ಆಮೇಲೆ ನಗು ಬಂತು. ಹೋಗಲಿ, ನಾಳೆ ಇದೆಯಲ್ಲ. ನಾಳೆ ಬೆಳಿಗ್ಗೆ ಫ್ರೀಜರಿನ ಬಾಗಿಲು ತೆರೆದು ಆ ಪುಟ್ಟ ಟ್ಯೂಬನ್ನು ಹೊರತೆಗೆದು...

ನಗು ಅಲ್ಲೇ ನಿಂತಿತು.

"ಅಲ್ಲಾ ಕಣೇ," ಎಂದ ಮೆಲ್ಲಗೆ. "ಕಿಣ್ವದ ಟ್ಯೂಬು ಫ್ರೀಜರಿಗೆ ವಾಪಸ್ ಇಟ್ಟೆ ಅಂತೇನಾದ್ರೂ ಗೊಣಗಿದ್ನಾ?"

ಅವಳು ಸ್ವಲ್ಪ ಯೋಚಿಸಿದಳು. "ಇಲ್ಲಪ್ಪ. ಫ್ರೀಜರ್ ಅನ್ನೋ ಮಾತೇ ಬರಲಿಲ್ಲ. ಅಷ್ಟೊತ್ತಿಗೆ ಕಟ್ ಮಾಡಿದ್ರಲ್ಲ. ಯಾಕೆ? ಅದಿರಲಿ, ಆ ಬೆವರು ನಾರೋ ಅಂಗಿ ಬಿಚ್ಚಿ ಕೊಡಿ, ನೆನೆಹಾಕ್ತೀನಿ."

ಅವನು ಯಂತ್ರದ ಹಾಗೆ ಗುಂಡಿ ಬಿಚ್ಚಿ ಕೊಟ್ಟ. ಅವಳು ಯಾವಾಗಲೂ ಮಾಡುವಂತೆ ನೆನೆಹಾಕುವ ಮೊದಲು ಜೇಬಿಗೆ ಕೈ ಹಾಕಿದಳು.

"ಇದೇನ್ರೀ ಇದು, ಉಗುರಿನಷ್ಟು ಡಬ್ಬಿ? ಅಬ್ಬಾ, ಎಷ್ಟು ಬೆಚ್ಚಗಿದೆ!"

ಗೊಣಗಣ್ಣ ಎದೆ ಮುಟ್ಟಿ ನೋಡಿಕೊಂಡ. ಚುಚ್ಚುವುದು ಪೂರ್ತಿ ನಿಂತುಹೋಗಿತ್ತು.